ನೂರಿಪ್ಪತ್ತೇಳು ಹಲ್ಲಿನ ಚಕ್ರ

ಎಂಟು ಸಾವಿರಕ್ಕೆ ಒಂದು. ಲೇತಿನ ಎಡಬದಿಯ ಕವಚ ತೆರೆದು ಹಲ್ಲುಚಕ್ರಗಳ ಮುಂದೆ ಮೊಣಕಾಲೂರಿ ಕುಳಿತಾಗಲೂ ಆ ಲೆಕ್ಕ ದಕ್ಷಿಣಾಮೂರ್ತಿಯವರ ತಲೆಯಿಂದ ಇಳಿಯಲಿಲ್ಲ. ಬೆಳಿಗ್ಗೆ ಮುಖ ತೊಳೆಯುವಾಗ ಇತ್ತು. ತಂಗಿಯ ಮಗಳು ಅನಸೂಯಾ ಬಡಿಸಿದ ಪೆಸರಟ್ಟಿನ ಮೊದಲ ತುತ್ತಿಗೇ ಇತ್ತು. ಅವಳ ಗಂಡ ಚಂದ್ರಮೌಳಿಯ ಸ್ಕೂಟರಿನ ಹಿಂದೆ ಕುಳಿತು ಆಟೋನಗರಕ್ಕೆ ಬರುವ ದಾರಿಯುದ್ದಕ್ಕೂ ಇತ್ತು. ಅರವತ್ತಾರನೆಯ ವಯಸ್ಸಿನಲ್ಲಿ ಇನ್ನೊಬ್ಬರ ಸ್ಕೂಟರಿನ ಹಿಂದೆ ಕುಳಿತು ಇನ್ನೊಬ್ಬರ ವರ್ಕ್‌ಷಾಪಿಗೆ ಹೋಗುವ ಮನುಷ್ಯನಿಗೆ ಕೈ ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಮುಂದಿನವನ ಹೆಗಲ ಮೇಲಿಟ್ಟರೆ ಸಲಿಗೆ, ತನ್ನ ತೊಡೆಯ ಮೇಲಿಟ್ಟರೆ ಭಯ. ಅವರು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದರು. ಇಂದು ಹನ್ನೊಂದು ಗಂಟೆಗೆ ಹಳೆಯ ಕಾರ್ಖಾನೆಯ ಶಿಷ್ಯ ಕಾಮೇಶ್ವರ ಬರುತ್ತಾನೆ. ವಿಜಯವಾಡದಲ್ಲಿ ನೆಂಟರ ಮದುವೆಯಿದೆ, ಮುಹೂರ್ತ ಮುಗಿಸಿ ನಿಮ್ಮನ್ನು ನೋಡಿಯೇ ಹೋಗುತ್ತೇನೆ ಎಂದು ವಿಶಾಖಪಟ್ಟಣದಿಂದ ಕಾರ್ಡು ಬರೆದಿದ್ದ. ಹನ್ನೆರಡು ವರ್ಷದ ಹಿಂದೆ ತಾವು ಮಾಡಿದ ತಪ್ಪಿಗೆ ಅವನು ಲೇತಿನ ಕೆಲಸವನ್ನು ಕಳೆದುಕೊಂಡಿದ್ದ. ಬಂದಾಗ ಅದನ್ನು ಹೇಳಬೇಕೋ ಬೇಡವೋ ಎಂಬ ಪ್ರಶ್ನೆ ಕಾರ್ಡು ಕೈಗೆ ಬಂದ ದಿನವೇ ಮುಗಿದಿತ್ತು. ಉಳಿದದ್ದು, ಯಾವ ವಾಕ್ಯದಿಂದ ಆರಂಭಿಸುವುದು ಎಂಬುದಷ್ಟೆ.

"ಮಾವಯ್ಯ, ಇನ್ನೂ ಚಕ್ರದ ಹತ್ರಾನೇ ಇದ್ದೀರಾ?" ಚಂದ್ರಮೌಳಿ ಬಾಗಿಲಿಂದಲೇ ಕೇಳಿದ. ಹೆಂಡತಿಯಿಂದ ಕಲಿತ ಅವನ ಕನ್ನಡ ತೆಲುಗಿನ ಇಳಿಜಾರಿನಲ್ಲಿ ವೇಗವಾಗಿ ಉರುಳುತ್ತಿತ್ತು. "ಆ ಅರವತ್ಮೂರು ಹಲ್ಲಿಂದು ಹಾಕ್ಬಿಡಿ ಅಂಡಿ. ಹತ್ತು ನಿಮಿಷದ ಕೆಲ್ಸ. ಪ್ರೆಸ್ಸಿನವರು ನಾಲ್ಕು ಗಂಟೆಗೆ ಬಂದು ತಲೆ ಮೇಲೆ ಕೂತ್ಕೋತಾರೆ."

"ಅರವತ್ತಮೂರು ಹಾಕಿದರೆ ಪಿಚ್ ಸರಿ ಬರುವುದಿಲ್ಲ."

"ಎಷ್ಟು ತಪ್ಪುತ್ತೆ?"

"ಎಂಟು ಸಾವಿರಕ್ಕೆ ಒಂದು."

ಚಂದ್ರಮೌಳಿ ನಕ್ಕ. ಪಕ್ಕದ ಡ್ರಿಲ್ಲಿಂಗ್ ಯಂತ್ರದ ಸೂರ್ಯಪ್ರಕಾಶನ ಕಡೆ ತಿರುಗಿ, "ಕೇಳಿದ್ಯಾ? ಎಂಟು ಸಾವಿರಕ್ಕೆ ಒಂದಂತೆ. ನಮ್ಮ ಮಾವಯ್ಯ ಇಡ್ಲಿಯನ್ನೂ ಮೈಕ್ರೋಮೀಟರ್ ಹಿಡಿದು ತಿಂತಾರೆ," ಎಂದ. ಸೂರ್ಯಪ್ರಕಾಶ ನಗಬೇಕಾದಷ್ಟೇ ನಕ್ಕ. ಆಮೇಲೆ ಚಂದ್ರಮೌಳಿ ದನಿ ತಗ್ಗಿಸಿ, ಬಾಗಿ, ಮನೆಯವನಾಗಿ ಹೇಳಿದ: "ಹೋದ ತಿಂಗಳು ಒಂದು ಪೀಸ್ ಹೋಯ್ತು, ನಾನು ಮಾತಾಡಲಿಲ್ಲ. ಇದೂ ಹೋದ್ರೆ ಮನೇಲಿ ರೆಸ್ಟ್ ತಗೊಳ್ಳಿ ಮಾವಯ್ಯ. ಅನಸೂಯಾನೂ ಅದೇ ಹೇಳ್ತಾಳೆ. ಕಣ್ಣಿಗೆ ಎಷ್ಟು ಅಂತ ಕೆಲಸ ಕೊಡ್ತೀರಿ?"

ಚಂದ್ರಮೌಳಿ ಹೇಳಿದ್ದರಲ್ಲಿ ಲೆಕ್ಕದ ತಪ್ಪಿರಲಿಲ್ಲ, ಅದೇ ಕಷ್ಟ. ಈ ಲೇತಿನಲ್ಲಿ ಟೂಲನ್ನು ಸಾಗಿಸುವ ಸ್ಕ್ರೂ ಅಂಗುಲದ ಅಳತೆಯದು, ಅಂಗುಲಕ್ಕೆ ನಾಲ್ಕು ಸುತ್ತು. ಪ್ರೆಸ್ಸಿನವರು ಹೊಸ ಸ್ಕ್ರೂ ಮಾಡಿಸುತ್ತಿದ್ದ ಯಂತ್ರ ಜರ್ಮನಿಯದು. ಅದರ ಸ್ಕ್ರೂವಿನ ಥ್ರೆಡ್ಡಿಗೆ ಮೂರು ಮಿಲಿಮೀಟರ್ ಪಿಚ್, ಎಂದರೆ ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಅಷ್ಟು ಅಂತರ. ಅಂಗುಲವೆಂದರೆ ಇಪ್ಪತ್ತೈದು ದಶಾಂಶ ನಾಲ್ಕು ಮಿಲಿಮೀಟರ್. ಆದ್ದರಿಂದ ಅಂಗುಲದ ಯಂತ್ರದಲ್ಲಿ ಮಿಲಿಮೀಟರಿನ ಥ್ರೆಡ್ ಕತ್ತರಿಸಬೇಕಾದರೆ ಚಕ್ರಗಳ ಸಾಲಿನಲ್ಲಿ ಎಲ್ಲಾದರೂ ನೂರಿಪ್ಪತ್ತೇಳು ಹಲ್ಲಿನದೊಂದು ಇರಲೇಬೇಕು. ನೂರಿಪ್ಪತ್ತೇಳು ಅವಿಭಾಜ್ಯ ಸಂಖ್ಯೆ. ಯಾವ ಎರಡು ಸಣ್ಣ ಚಕ್ರಗಳೂ ಅದನ್ನು ಒಡೆದು ಹಂಚಿಕೊಳ್ಳಲಾರವು. ಆದರೆ ಅದು ದೊಡ್ಡದು, ಹಾಕಲು ಚಕ್ರಗಳನ್ನು ಹೊತ್ತ ತೋಳನ್ನೆಲ್ಲ ಸಡಿಲಿಸಿ ಮತ್ತೆ ಕೂರಿಸಬೇಕು, ಒಂದು ಗಂಟೆ ಬೇಕು. ಅದಕ್ಕೆ ಬದಲಾಗಿ ಅರವತ್ತಮೂರನ್ನೂ ಎಂಬತ್ತನ್ನೂ ಜೋಡಿಸಿದರೆ ಬಹುತೇಕ ಅದೇ ಉತ್ತರ ಬರುತ್ತದೆ. ಅರವತ್ತಮೂರನ್ನು ನೂರಿಪ್ಪತ್ತೇಳರಿಂದ ಗುಣಿಸಿದರೆ ಎಂಟು ಸಾವಿರದ ಒಂದು. ಎಂಬತ್ತನ್ನು ನೂರರಿಂದ ಗುಣಿಸಿದರೆ ಎಂಟು ಸಾವಿರ. ವ್ಯತ್ಯಾಸ ಆ ಒಂದು. ಇಂದಿನ ಥ್ರೆಡ್ಡಿನ ಉದ್ದ ಇನ್ನೂರು ಮಿಲಿಮೀಟರ್. ಅದರಲ್ಲಿ ತಪ್ಪು ಬರುವುದು ಕೂದಲಿನ ಮೂರನೆಯ ಒಂದು ಪಾಲು. ಯಾವ ನಟ್ಟೂ ದೂರು ಹೇಳುವುದಿಲ್ಲ. ಇಷ್ಟೆಲ್ಲ ತಿಳಿದೂ ಅವರು ನೂರಿಪ್ಪತ್ತೇಳನ್ನೇ ಎತ್ತಿ, ಎದೆಗವಚಿ, ಅದರ ಗೂಟಕ್ಕೆ ಹಾಕಿದರು. ಇದು ಥ್ರೆಡ್ಡಿಗಾಗಿ ಅಲ್ಲವೆಂಬುದೂ ಅವರಿಗೆ ತಿಳಿದಿತ್ತು.

ಎರಡು ಚಕ್ರಗಳ ಹಲ್ಲಿನ ನಡುವೆ ಒಂದು ತುಂಡು ಕಾಗದವಿಟ್ಟು ಒತ್ತಿ, ಬಿಗಿದು, ಕಾಗದ ಎಳೆದುಕೊಂಡರು. ಕಾಗದದ ದಪ್ಪದಷ್ಟು ಸಡಿಲ ಉಳಿದರೆ ಚಕ್ರ ಅರಚುವುದಿಲ್ಲ. ಹಾಗೆಂದು ಅವರು ಕಲಿಸಿದ್ದು ಕಾಮೇಶ್ವರನಿಗೆ, ವಿಶಾಖಪಟ್ಟಣದ ಬಂದರಿನ ಪಕ್ಕದ ಹಡಗು ದುರಸ್ತಿಯ ಕಾರ್ಖಾನೆಯಲ್ಲಿ, ಉಪ್ಪುಗಾಳಿಗೆ ಉಕ್ಕಿನ ಸ್ಕೇಲೂ ವಾರದಲ್ಲಿ ಕೆಂಪಾಗುತ್ತಿದ್ದ ಜಾಗದಲ್ಲಿ. ಕಾಮೇಶ್ವರನ ತಾಯಿ ಬಳ್ಳಾರಿಯವಳು. ತಾವು ಹರಿಹರ ಬಿಟ್ಟು ಬಂದ ಮೇಲೆ ಮೊದಲ ಬಾರಿಗೆ ಲೇತಿನ ಸದ್ದಿನ ನಡುವೆ ಕನ್ನಡ ಕೇಳಿಸಿದ್ದು ಅವನ ಬಾಯಿಂದ. ಬಂದ ಎರಡೇ ವರ್ಷಕ್ಕೆ ಅವನ ಕೈ ತಮ್ಮ ಕೈಗಿಂತ ಹಗುರವಾಗಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ, ಅವನಿಗೂ. ಹನ್ನೆರಡು ವರ್ಷದ ಹಿಂದಿನ ಆ ದಿನ ನೂರಿಪ್ಪತ್ತೇಳರ ಒಂದು ಹಲ್ಲು ಮುರಿದು ಚಕ್ರ ರಿಪೇರಿಗೆ ಹೋಗಿತ್ತು. ಬೆಳಗಿನ ಪಾಳಿಯಲ್ಲಿ ಗಿಡ್ಡ ಬೋಲ್ಟುಗಳಿಗೆಂದು ಅವರು ಅರವತ್ತಮೂರನ್ನು ಹಾಕಿದ್ದರು. ಗಿಡ್ಡ ಬೋಲ್ಟಿಗೆ ಅದು ಸಾಕು. ಮಧ್ಯಾಹ್ನ ಹಡಗಿನದೊಂದು ಉದ್ದ ಸ್ಕ್ರೂವಿನ ಕೆಲಸ ಬಂತು: ಎರಡೂವರೆ ಮೀಟರಿಗೆ ಹತ್ತು ಸೆಂಟಿಮೀಟರ್ ಕಡಿಮೆ. ಚಕ್ರ ಬರುವವರೆಗೆ ಕಾಯಬೇಕೆಂದು ಮೇಲಿನವರಿಗೆ ಬರೆದು ಕೊಡಬೇಕಿತ್ತು. ಮರುದಿನ ಫೋರ್‌ಮನ್ ಹುದ್ದೆಯ ಸಂದರ್ಶನ. ಕೆಲಸ ನಿಲ್ಲಿಸಿದವನೆಂಬ ಕಾಗದವನ್ನು ಹಿಂದಿನ ದಿನವೇ ಯಾರು ಬರೆದುಕೊಡುತ್ತಾರೆ? ಅವರು ಲೇತಿನ ಕವಚದ ಮೇಲೆ ಸೀಮೆಸುಣ್ಣದಿಂದ ಎರಡು ಸಾವಿರದ ನಾನೂರನ್ನು ಎಂಟು ಸಾವಿರದಿಂದ ಭಾಗಿಸಿದರು. ಮಿಲಿಮೀಟರಿನ ಹತ್ತರಲ್ಲಿ ಮೂರು ಪಾಲು. ಯಾರು ಅಳೆಯುತ್ತಾರೆ, ಎಂದುಕೊಂಡು ಅಂಗೈಯಿಂದ ಒರೆಸಿದರು. ಸೈರನ್ ಕೂಗಿ ಎರಡನೆಯ ಪಾಳಿಯ ಕಾಮೇಶ್ವರ ಬಂದಾಗ, "ಸೆಟ್ಟಿಂಗ್ ಸರಿಯಿದೆ, ಥ್ರೆಡ್ ಎಳೆ," ಎಂದರು. ಅಂಗೈಯಲ್ಲಿ ಸುಣ್ಣದ ಬಿಳಿ ಇನ್ನೂ ಇತ್ತು.

ಪಾಳಿ ಬದಲಾಗುವಾಗ ಹೊಸದಾಗಿ ಬಂದವನು ಚಕ್ರಗಳ ಹಲ್ಲು ಎಣಿಸಿಯೇ ಯಂತ್ರ ಹಿಡಿಯಬೇಕೆಂಬುದು ಆ ಕಾರ್ಖಾನೆಯಲ್ಲಿ ಗೋಡೆಯ ಮೇಲೆ ಬರೆದ ನಿಯಮ. ಹಿರಿಯ ಟರ್ನರ್ ಕೂರಿಸಿಟ್ಟ ಚಕ್ರವನ್ನು ಎಣಿಸುವುದು ಅವನ ಮುಖಕ್ಕೆ ಹೊಡೆದಂತೆ ಎಂಬುದು ಎಲ್ಲಿಯೂ ಬರೆಯದ ನಿಯಮ. ಕಾಮೇಶ್ವರ ಎಣಿಸಲಿಲ್ಲ. ಎಣಿಸುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಸ್ಕ್ರೂವನ್ನು ಹಡಗಿನಲ್ಲಿ ಕೂರಿಸುವಾಗ ಅದು ಅರ್ಧದಲ್ಲೇ ಬಿಗಿದು ನಿಂತಿತು. ಜಾಬ್ ಕಾರ್ಡಿನಲ್ಲಿ ಇದ್ದದ್ದು ಕಾಮೇಶ್ವರನ ಸಹಿ. ಅವನನ್ನು ಲೇತಿನಿಂದ ತೆಗೆದು ಸ್ಟೋರಿಗೆ ಹಾಕುವ ಕಾಗದಕ್ಕೆ ಹೊಸ ಫೋರ್‌ಮನ್ ಸಹಿ ಮಾಡಬೇಕಿತ್ತು. ಹೊಸ ಫೋರ್‌ಮನ್ ದಕ್ಷಿಣಾಮೂರ್ತಿ. ಸಹಿ ಹಾಕುವಾಗ ಪೆನ್ನಿನ ಮಸಿ ಎರಡು ಸಲ ನಿಂತಿತ್ತು; ಕೊಡವಿ ಮುಗಿಸಿದ್ದರು.

ಹತ್ತೂವರೆಗೆ ಉಕ್ಕಿನ ತುಂಡು ಅದನ್ನು ಕಚ್ಚಿ ಹಿಡಿಯುವ ಚಕ್ಕಿನಲ್ಲಿ ಕೂತಿತ್ತು. ಕತ್ತರಿಸುವ ಟೂಲಿನ ತುದಿ ಕೇಂದ್ರದ ಎತ್ತರಕ್ಕೆ ಸರಿಯಾಗಿದೆಯೇ ಎಂದು ನೋಡಿ, ಗೇಜಿನ ವಿ-ಕಚ್ಚಿಗೆ ಅದನ್ನು ಹೊಂದಿಸಿ, ಹಿಂದೆ ಬಿಳಿ ಕಾಗದ ಹಿಡಿದು ಬೆಳಕು ಎರಡೂ ಪಕ್ಕ ಸಮವಾಗಿ ಮುಚ್ಚುವವರೆಗೆ ತಿರುಗಿಸಿದರು. ಎಡಗಣ್ಣಿಗೆ ಸಮವಾಗಿದ್ದುದು ಬಲಗಣ್ಣಿಗೆ ವಾರೆಯಾಗಿತ್ತು. ಎಡಗಣ್ಣನ್ನು ನಂಬಿದರು. ಮೊದಲ ಎಳೆತದಲ್ಲಿ ಲೋಹವನ್ನು ಕತ್ತರಿಸಬಾರದು, ಗೀರು ಮಾತ್ರ ಹಾಕಬೇಕು. ಗೀರು ಸುಳ್ಳು ಹೇಳಿದರೆ ಇನ್ನೂ ತಿದ್ದಬಹುದು. ಯಂತ್ರ ನಿಲ್ಲಿಸಿ ಸ್ಕೇಲಿಟ್ಟು ಹತ್ತು ಗೀರು ಎಣಿಸಿದರು. ಮೂವತ್ತು ಮಿಲಿಮೀಟರ್. ಸರಿ. ಆಳ ಒಂದು ದಶಾಂಶ ಎಂಟು ನಾಲ್ಕು ಮಿಲಿಮೀಟರಿಗೆ ಹೋಗಬೇಕು, ಮೊದಲು ಧಾರಾಳವಾಗಿ, ಕೊನೆಗೆ ಜಿಪುಣನಂತೆ. ಎಣ್ಣೆ ಬಿದ್ದಲ್ಲಿ ಹೊಗೆ ಎದ್ದಿತು. ಕಾಮೇಶ್ವರ ಮೊದಲು ಮನೆಯವರನ್ನು ವಿಚಾರಿಸುತ್ತಾನೆ, ಆಮೇಲೆ ಮದುವೆಯ ಊಟದ ಮಾತು, ಆಮೇಲೆ ಕಾಲುನೋವಿನ ಮಾತು. ಅಷ್ಟರೊಳಗೆ ಹೇಳುವ ಸಮಯ ಕಳೆದುಹೋಗುತ್ತದೆ. ಆದ್ದರಿಂದ ಕುಶಲಪ್ರಶ್ನೆಗೆ ಮೊದಲೇ ಹೇಳಬೇಕು.

ಹಾಗೆ ಆಗಲಿಲ್ಲ. ಕಾಮೇಶ್ವರ ಬಂದದ್ದು ಹನ್ನೊಂದೂಕಾಲಿಗೆ, ಹಣೆಯಲ್ಲಿ ಕುಂಕುಮ, ಕೈಯಲ್ಲಿ ತಾಂಬೂಲದ ಚೀಲ, ರೇಷ್ಮೆಯಂಚಿನ ಪಂಚೆ ಗ್ರೀಸಿಗೆ ತಾಗದಂತೆ ಎತ್ತಿ ಹಿಡಿದುಕೊಂಡು. "ಗುರುಗಾರು!" ಎಂದು ಬಾಗಿ ಕಾಲು ಮುಟ್ಟಿಬಿಟ್ಟ. ಎಣ್ಣೆ ಮೆತ್ತಿದ ಚಪ್ಪಲಿಯನ್ನು ಮುಟ್ಟಿದ ಆ ಬೆರಳುಗಳು ಮೆತ್ತಗಿದ್ದವು, ಬಿಳಿಚಿದ್ದವು.

"ಕೈ ನೋಡ್ತಿದ್ದೀರಾ?" ಕಾಮೇಶ್ವರ ನಕ್ಕ. "ಬ್ಯಾಂಕ್ ಗುಮಾಸ್ತನ ಕೈ ಆಗಿದೆ ಗುರುಗಾರು. ಹನ್ನೆರಡು ವರ್ಷದಿಂದ ನಟ್ಟು ಬೋಲ್ಟು ಎಣಿಸಿ ಎಣಿಸಿ ಕೊಡ್ತಿದ್ದೀನಿ. ಮನೇಲಿ ಹೈಮಾವತಿ ಸಾರಿಗೆ ಉಪ್ಪು ಹಾಕುವಾಗ್ಲೂ ನನ್ನ ಕಡೆ ನೋಡಿ, ಎಣಿಸಿ ಹಾಕ್ಲಾ ಅಂತಾಳೆ."

"ಕಾಮೇಶ್ವರ."

"ಹೇಳಿ."

"ಆ ಉದ್ದ ಸ್ಕ್ರೂವಿಗೆ ನಾನು ಹಾಕಿದ್ದು ಅರವತ್ತಮೂರು. ಮರೆತು ಅಲ್ಲ. ಎಷ್ಟು ತಪ್ಪುತ್ತದೆಂದು ಲೆಕ್ಕ ಹಾಕಿ ನೋಡಿ, ಒರೆಸಿ, ನಿನಗೆ ಸರಿಯಿದೆ ಎಂದೆ."

ಹೇಳಿ ಮುಗಿಯಿತು. ಇಷ್ಟು ವರ್ಷ ಎಷ್ಟೋ ಉದ್ದವಿದ್ದುದು ಮೂರು ವಾಕ್ಯಗಳಾಗಿತ್ತು. ಹೊರಗೆ ಲಾರಿಯ ಬಾಡಿ ಕಟ್ಟುವವರು ತಗಡು ಬಡಿಯುತ್ತಿದ್ದರು. ಕಾಮೇಶ್ವರ ತಾಂಬೂಲದ ಚೀಲವನ್ನು ಕಿಟಕಿಯ ಮೇಲೆ ನಿಧಾನವಾಗಿ ಇಟ್ಟ.

"ಗೊತ್ತು," ಎಂದ. "ಸ್ಕ್ರೂ ವಾಪಸ್ ಬಂದ ದಿನಾನೇ ಚಕ್ರ ಬಿಚ್ಚಿ ಎಣಿಸಿದೆ. ಅರವತ್ಮೂರು. ಎರಡು ಸಲ ಎಣಿಸಿದೆ."

"ಆಗಲೇ ಏಕೆ ಹೇಳಲಿಲ್ಲ?"

"ಎಣಿಸದೆ ಎಳೆದವನು ನಾನಲ್ವಾ? ಅದೂ ಅಲ್ಲದೆ ನೀವೇ ಹೇಳ್ತೀರಿ ಅಂದ್ಕೊಂಡೆ. ಇವತ್ತು ಹೇಳ್ತಾರೆ, ಸೋಮವಾರ ಹೇಳ್ತಾರೆ, ಉಗಾದಿ ಆದ್ಮೇಲೆ ಹೇಳ್ತಾರೆ." ಅವನು ಮತ್ತೆ ನಕ್ಕ, ಈ ಸಲ ಬೇರೆ ರೀತಿ. "ನಿಮ್ಮ ಲೇತು ಬಹಳ ಸ್ಲೋ ಗುರುಗಾರು."

ಕ್ಷಮೆ ಕೇಳಲು ಬಾಯಿ ತೆರೆದರು. ಆ ಮಾತಿಗೆ ಯಾವ ಅಳತೆಯೂ ಇಲ್ಲವೆನ್ನಿಸಿ ಮುಚ್ಚಿದರು. "ಏನು ಮಾಡಬೇಕು ಹೇಳು. ಕಾರ್ಖಾನೆಗೆ ಬರೆಯಲೇ? ಈಗಲೂ ಬರೆಯುತ್ತೇನೆ."

"ಬರೆದ್ರೆ ಏನಾಗುತ್ತೆ? ನಂಗೆ ಐವತ್ನಾಲ್ಕು. ಆ ಲೇತುಗಳನ್ನೇ ಗುಜರಿಗೆ ಹಾಕಿದ್ರು." ಕಾಮೇಶ್ವರ ಚಕ್ಕಿನಲ್ಲಿದ್ದ ತುಂಡಿನ ಕಡೆ ನೋಡಿದ. ಅಲ್ಲಿ ಅರ್ಧ ಕತ್ತರಿಸಿದ ಥ್ರೆಡ್ ಹೊಳೆಯುತ್ತಿತ್ತು. ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ. "ಇದನ್ನ ನಂಗೆ ಕೊಡಿ. ಇದೊಂದು. ಉಳಿದದ್ದನ್ನ ನಾನು ಮುಗಿಸ್ತೀನಿ."

ನಾಲ್ಕು ಗಂಟೆಗೆ ಪ್ರೆಸ್ಸಿನವರು ಬರುತ್ತಾರೆ. ಇದು ಹೋದರೆ ನಾಳೆಯಿಂದ ತಾವು ಅನಸೂಯಾಳ ವರಾಂಡದಲ್ಲಿ ಪತ್ರಿಕೆ ಹಿಡಿದು ಕುಳಿತಿರುವುದು ಅವರಿಗೆ ಕಂಡಿತು. ಅವಳು ಗುಡಿಸುವಾಗ ಕಾಲೆತ್ತಿಕೊಳ್ಳುವ ಮನುಷ್ಯ. ಅವರು ಯಂತ್ರದ ಮುಂದಿನಿಂದ ಎರಡು ಹೆಜ್ಜೆ ಸರಿದು ನಿಂತರು. ಒಂದು ಮಾತು ನಾಲಿಗೆಯ ತುದಿಯಲ್ಲಿತ್ತು. ಅಂಗುಲದ ಲೇತಿನಲ್ಲಿ ಅಂಗುಲದ ಥ್ರೆಡ್ ಆದರೆ ಪ್ರತಿ ಎಳೆತದ ಕೊನೆಗೆ ಟೂಲಿನ ಬಂಡಿಯನ್ನು ಸ್ಕ್ರೂವಿಗೆ ಕಚ್ಚಿಸುವ ಹಾಫ್‌ನಟ್ಟಿನ ಲಿವರ್ ಎತ್ತಿ, ಬಂಡಿಯನ್ನು ಕೈಯಿಂದ ಹಿಂದಕ್ಕೆ ತಂದು, ಮತ್ತೆ ಲಿವರ್ ಇಳಿಸಬಹುದು. ಟೂಲು ಅದೇ ತೋಡಿಗೆ ಬೀಳುತ್ತದೆ. ಮಿಲಿಮೀಟರಿನ ಥ್ರೆಡ್ಡಿಗೆ ಹಾಗೆ ಮಾಡುವಂತಿಲ್ಲ. ಮೊದಲಿನಿಂದ ಕೊನೆಯವರೆಗೆ ಲಿವರ್ ಮುಟ್ಟಬಾರದು. ಟೂಲನ್ನು ಈಚೆಗೆಳೆದು, ಮೋಟಾರನ್ನು ಉಲ್ಟಾ ಓಡಿಸಿ, ಇಡೀ ಬಂಡಿಯನ್ನು ಬಂದ ದಾರಿಯಲ್ಲೇ ವಾಪಸ್ಸು ತರಬೇಕು. ಇದನ್ನು ಕಾಮೇಶ್ವರನಿಗೆ ಹೇಳುವುದೆಂದರೆ, ಕೈ ಹಗುರವಾಗಿದ್ದ ಟರ್ನರನಿಗೆ, ಕಾಲು ಮುಟ್ಟಿದವನಿಗೆ, ಮೊದಲ ವಾರದ ಪಾಠ ಹೇಳಿದಂತೆ. ಸ್ಟೋರಿನವನೆಂದು ನೆನಪಿಸಿದಂತೆ. ಅವರು ಹೇಳಲಿಲ್ಲ.

ಮೊದಲ ಎಳೆತ ಚೆನ್ನಾಗಿ ಬಂತು. ಕಾಮೇಶ್ವರ ಸರಿಯಾಗಿ ನಿಲ್ಲಿಸಿದ, ಉಲ್ಟಾ ಓಡಿಸಿದ. ಎರಡನೆಯದು ಇನ್ನೂ ಚೆನ್ನಾಗಿ. ಮೂರನೆಯದರಲ್ಲಿ ಅವನ ಭುಜ ಇಳಿಯಿತು, ಮುಖದ ಮದುವೆಯ ಕಳೆ ಹೋಗಿ ಇನ್ನೇನೋ ಬಂತು. ಕೈ ತನ್ನ ಹಳೆಯ ದಾರಿಯನ್ನು ಕಂಡುಕೊಂಡಿತ್ತು. ನಾಲ್ಕನೆಯ ಎಳೆತದ ಕೊನೆಗೆ, ಆ ಹಳೆಯ ದಾರಿಯಲ್ಲೇ ನಡೆದ ಕೈ, ಸಾವಿರ ಸಲ ಮಾಡಿದಂತೆ, ಲಿವರ್ ಎತ್ತಿತು. ಬಂಡಿಯನ್ನು ಹಿಂದಕ್ಕೆ ಉರುಳಿಸಿತು. ಇಳಿಸಿತು. ಟೂಲು ತೋಡಿಗೆ ಬೀಳದೆ ದಿಣ್ಣೆಯ ಮೇಲೆ ಬಿತ್ತು. ಕರ್ರೆಂಬ ಸದ್ದಿಗೆ ಸೂರ್ಯಪ್ರಕಾಶ ಡ್ರಿಲ್ ನಿಲ್ಲಿಸಿದ. ಯಂತ್ರ ನಿಂತಾಗ ಒಂದು ಥ್ರೆಡ್ಡಿನ ಮೇಲೆ ಇನ್ನೊಂದು, ಎರಡೂ ಕೆಟ್ಟು, ಪಕ್ಕಪಕ್ಕ ಹೊಳೆಯುತ್ತಿದ್ದವು.

ಚಂದ್ರಮೌಳಿ ಓಡಿ ಬಂದ. ತುಂಡು ನೋಡಿದ, ಪಂಚೆ ಕಟ್ಟಿ ನಿಂತ ಅಪರಿಚಿತನನ್ನು ನೋಡಿದ. "ಯಾರು ಮಾಡಿದ್ದು ಇದು?"

ಕಾಮೇಶ್ವರ ದಕ್ಷಿಣಾಮೂರ್ತಿಯವರ ಕಡೆ ನೋಡಿದ. ಅದರಲ್ಲಿ ಬೇಡಿಕೆ ಇರಲಿಲ್ಲ, ದೂರೂ ಇರಲಿಲ್ಲ. ಗಡಿಯಾರ ನೋಡುವವನಂತೆ ನೋಡಿದ, ಅಷ್ಟೆ.

"ಇವನು ಕಾಮೇಶ್ವರ. ನನಗಿಂತ ಒಳ್ಳೆಯ ಟರ್ನರ್," ಎಂದರು ದಕ್ಷಿಣಾಮೂರ್ತಿ. ದನಿ ಸೂರ್ಯಪ್ರಕಾಶನಿಗೂ ಕೇಳುವಷ್ಟಿತ್ತು. "ಹನ್ನೆರಡು ವರ್ಷದಿಂದ ಲೇತು ಮುಟ್ಟಿಲ್ಲ. ಮುಟ್ಟದಂತೆ ಮಾಡಿದವನು ನಾನು. ಈಗ ಲಿವರ್ ಎತ್ತಬೇಡವೆಂದು ಹೇಳಬೇಕಿತ್ತು, ಹೇಳಲಿಲ್ಲ. ತಪ್ಪು ನನ್ನದು."

"ಲಿವರ್ ಎತ್ತಿದ್ದು ನಾನು," ಎಂದ ಕಾಮೇಶ್ವರ.

"ಅದು ಕೈಯ ತಪ್ಪು. ಹೇಳದಿದ್ದದ್ದು ತಲೆಯ ತಪ್ಪು."

"ಕೈ ನಂದಲ್ವಾ ಗುರುಗಾರು? ಅದನ್ನೂ ನೀವೇ ಇಟ್ಕೊಂಡ್ರೆ ಹೇಗೆ?"

ಚಂದ್ರಮೌಳಿ ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿ ತಲೆಯ ಮೇಲೆ ಕೈಯಿಟ್ಟ. "ಅಯ್ಯೋ ರಾಮ! ತಪ್ಪಿಗೆ ಇಬ್ಬರು ಓನರು, ಪ್ರೆಸ್ಸಿನವರಿಗೆ ಉತ್ತರ ಹೇಳೋದಕ್ಕೆ ನಾನೊಬ್ಬ!" ಆಮೇಲೆ ದನಿ ಗಟ್ಟಿಯಾಯಿತು. "ಮಾವಯ್ಯ, ನಾನು ಬೆಳಿಗ್ಗೆ ಹೇಳಿದ್ದೆ."

"ಹೇಳಿದ್ದೆ ನೀನು. ನಾಳೆಯಿಂದ ಬರುವುದಿಲ್ಲ. ಇವತ್ತಿನದನ್ನು ಮುಗಿಸಿ ಹೋಗುತ್ತೇನೆ. ಪ್ರೆಸ್ಸಿಗೆ ಫೋನ್ ಮಾಡಿ ಏಳು ಗಂಟೆಗೆ ಬರಹೇಳು."

ಇಷ್ಟು ಬೇಗ ಒಪ್ಪಿಕೊಳ್ಳುತ್ತಾರೆಂದು ಚಂದ್ರಮೌಳಿ ಎಣಿಸಿರಲಿಲ್ಲ. ಏನೋ ಹೇಳಲು ಹೋಗಿ, "ಊಟದ ಡಬ್ಬಿ ಬಂದಿದೆ, ಇಬ್ಬರೂ ತಿನ್ನಿ ಮೊದಲು," ಎಂದಷ್ಟೇ ಅಂದು ಫೋನಿನ ಕಡೆ ನಡೆದ. ಅನಸೂಯಾಳ ವರಾಂಡ ಮತ್ತೆ ಕಂಡಿತು. ಅಲ್ಲಿ ಕುರ್ಚಿಯಿತ್ತು, ಪತ್ರಿಕೆಯಿತ್ತು. ಇರಲಿ. ಅದು ನಾಳೆಯದು.

ಅವರು ಗೋಡೆಯ ಪಕ್ಕ ಮಲಗಿದ್ದ ಉಕ್ಕಿನ ಬಾರಿನ ಬಳಿ ಹೋಗಿ ಅಂಗುಲದ ಟೇಪನ್ನು ಬಿಚ್ಚಿದರು. ಕಾಮೇಶ್ವರ ಇನ್ನೊಂದು ತುದಿ ಹಿಡಿದ.

"ನೀವೇ ಎಳೆಯಿರಿ ಗುರುಗಾರು. ನನ್ನ ಕೈ ನಂಬೋಕಾಗಲ್ಲ."

"ನೀನೇ ಎಳೆಯುವುದು."

"ಮತ್ತೆ ಕೆಟ್ರೆ?"

"ಬಾರು ಎಷ್ಟಿದೆ?"

"ಹದಿನಾಲ್ಕು ಅಡಿ."

"ಒಂದೊಂದಕ್ಕೆ ಬೇಕಾದದ್ದು ಹದಿನಾಲ್ಕು ಅಂಗುಲ. ಎಷ್ಟು ತುಂಡಾಯಿತು?"

"ಹನ್ನೆರಡು."

"ಗರಗಸ ತಿನ್ನುವುದನ್ನು ಯಾರು ಕಳೆಯುತ್ತಾರೆ?"

ಕಾಮೇಶ್ವರ ಬಾರಿನ ಉದ್ದಕ್ಕೂ ಕಣ್ಣಾಡಿಸಿದ. "ಹನ್ನೊಂದು," ಎಂದ.

"ಆ ಬಾರು ನಂದಂಡಿ!" ಚಂದ್ರಮೌಳಿ ಫೋನಿನ ಬಾಯಿ ಮುಚ್ಚಿಕೊಂಡು ಒಳಗಿನಿಂದ ಕೂಗಿದ.

ದಕ್ಷಿಣಾಮೂರ್ತಿ ಅದನ್ನು ಕೇಳಿಸಿಕೊಳ್ಳಲಿಲ್ಲ. ಮೊದಲ ಹದಿನಾಲ್ಕು ಅಂಗುಲಕ್ಕೆ ಗುರುತು ಹಾಕಿ, ಗರಗಸವನ್ನು ಕಾಮೇಶ್ವರನ ಕೈಗೆ ಕೊಟ್ಟರು.

"ಹನ್ನೊಂದು ಸಲ ಕೆಡಿಸು. ಹನ್ನೊಂದು ಸಲವೂ ನಾನು ಪಕ್ಕದಲ್ಲಿ ನಿಂತು ಹೇಳುತ್ತೇನೆ: ಲಿವರ್ ಎತ್ತಬೇಡ."